ಅಕ್ಕ ಜಿಮ್ ಬಿಟ್ಟಿಲ್ಲ, ತೀರ್ಕೊಂಡಿದ್ದಾಳೆ

ಮಾನ್ಯ ಸಂಪಾದಕರೇ,

ನಾನು ಮೈಸೂರಲ್ಲಿ ನಜರ್‌ಬಾದ್ ಕಡೆ ಒಂದು ಸಣ್ಣ ಜೆರಾಕ್ಸ್ ಅಂಗಡಿ ಇಟ್ಕೊಂಡಿರೋನು. ಮಿನಿ ವಿಧಾನಸೌಧ ಹತ್ರಾನೇ ಇರೋದ್ರಿಂದ 19 ವರ್ಷದಿಂದ ಪಹಣಿ, ಆಧಾರ್, ಜಾತಿ ಸರ್ಟಿಫಿಕೇಟ್, ವಂಶವೃಕ್ಷ ಇದ್ರಲ್ಲೇ ನನ್ನ ಜೀವನ ನಡೆದಿದೆ. ದಿನಕ್ಕೆ ಒಬ್ರಾದ್ರೂ ಡೆತ್ ಸರ್ಟಿಫಿಕೇಟ್ ಹಿಡ್ಕೊಂಡು ಬರ್ತಾರೆ, 10 ಕಾಪಿ ಕೊಡಿ ಅಂತಾರೆ, ಕೊಟ್ಟು ಕಳಿಸ್ತೀನಿ. ಹತ್ತು ಯಾಕೆ, ಯಾರ್ಯಾರಿಗೆ ಕೊಡೋಕೆ ಅಂತ ನಾನು ಒಬ್ರನ್ನೂ ಕೇಳಿದೋನಲ್ಲ. 2025ರ ಜುಲೈನಲ್ಲಿ ನನ್ನ ಅಕ್ಕನ ಸರ್ಟಿಫಿಕೇಟ್ ನಾನೇ ಮೆಷಿನ್ ಮೇಲೆ ಮಗುಚಿ ಹಾಕಿ ಹತ್ತು ಕಾಪಿ ತೆಗ್ದೆ, ಆಮೇಲೆ ಅದು ಸಾಲ್ದೆ ಇನ್ನೂ ಆರು ತೆಗ್ದೆ, ಅದ್ರಲ್ಲಿ ನಾಲ್ಕು ಒಂದೇ ಜಿಮ್‌ಗೆ ಹೋಯ್ತು. ಆ ವಿಷಯ ಬರೀಬೇಕು ಅಂತ ಕೂತಿದೀನಿ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಅಕ್ಕಂಗೆ 51 ವರ್ಷ. ಹೈಸ್ಕೂಲಲ್ಲಿ ಗಣಿತದ ಟೀಚರ್, ಮದ್ವೆ ಆಗಿರ್ಲಿಲ್ಲ, ಸರಸ್ವತಿಪುರಂ ಮನೇಲಿ ಅಮ್ಮನ ಜೊತೆ ಇದ್ಲು. ಜನವರಿಯಲ್ಲಿ ಮಂಡಿ ನೋವು ಅಂತ ತೋರಿಸೋಕೆ ಹೋದಾಗ ಡಾಕ್ಟ್ರು ಮೂಳೆ ಸಾಂದ್ರತೆ ಟೆಸ್ಟ್ ಮಾಡ್ಸಿ, ಕಡಿಮೆ ಆಗ್ತಾ ಇದೆ, ಬರೀ ವಾಕಿಂಗ್ ಸಾಲಲ್ಲ, ಈ ವಯಸ್ಸಲ್ಲಿ ಹೆಂಗಸ್ರು ವೆಯ್ಟ್ ಎತ್ತಬೇಕು ಅಂದ್ರಂತೆ. ಮನೆಗೆ ಬಂದು ಹೇಳಿದಾಗ ನಮಗೆಲ್ಲ ಆಶ್ಚರ್ಯ, ಯಾಕಂದ್ರೆ ನಮ್ಮನೇಲಿ ಕಬ್ಬಿಣ ಎತ್ತಿದ್ದು ಅಂದ್ರೆ ನಮ್ಮ ತಾತ ಒಬ್ರೇ, ಅವ್ರು ಗರಡಿಗೆ ಹೋಗ್ತಿದ್ರು, ಕುಸ್ತಿ ಅಖಾಡದ ಮಣ್ಣಿಗೆ ಕೈಮುಗಿದು ಇಳೀತಿದ್ರು. ಅಕ್ಕ ಫೆಬ್ರವರಿ 3ನೇ ತಾರೀಖು ಸೇರ್ಕೊಂಡ್ಲು. ವರ್ಷಕ್ಕೆ 15,000, ಅದ್ರ ಮೇಲೆ ಜಿಎಸ್‌ಟಿ 18 ಪರ್ಸೆಂಟ್, ಒಟ್ಟು 17,700 ಒಂದೇ ಸಲ ಕಟ್ಟಿದ್ಲು. (2025ರ ಸೆಪ್ಟೆಂಬರ್ 22ರಿಂದ ಜಿಮ್ ಮೇಲಿನ ಜಿಎಸ್‌ಟಿ 5 ಪರ್ಸೆಂಟ್‌ಗೆ ಇಳಿದಿದೆ, ಒಳ್ಳೇದಾಯ್ತು, ಅವಳು ಆ ರೇಟು ನೋಡ್ಲಿಲ್ಲ ಅಷ್ಟೆ.) ಟ್ರೈನರ್‌ಗೆ ಬೇರೆ ತಿಂಗಳಿಗೆ 3,500, ಅದು ಪ್ರತಿ 5ನೇ ತಾರೀಖು ಯುಪಿಐ ಆಟೋಪೇನಲ್ಲಿ ತಾನಾಗೇ ಕಟ್ ಆಗೋ ಹಾಗೆ ಸೆಟ್ ಮಾಡ್ಸಿದ್ರು.

ಬೆಳಗ್ಗೆ 5:10ಕ್ಕೆ ಅಲಾರಂ, 5:45ಕ್ಕೆ ಸ್ಕೂಟಿ ಸ್ಟಾರ್ಟ್. ಅಡುಗೆಮನೆ ಕ್ಯಾಲೆಂಡರ್ ಮೇಲೆ ಹೋದ ದಿನಕ್ಕೆಲ್ಲ ಸಣ್ಣ ಟಿಕ್ ಹಾಕ್ತಿದ್ಲು. 27 ವರ್ಷ ಮಕ್ಕಳ ಹಾಜರಿ ಹಾಕಿದ ಕೈ, ತನ್ನ ಹಾಜರಿ ತಾನೇ ಹಾಕ್ಕೊಳ್ಳೋದು ಅವಳಿಗೆ ಅಭ್ಯಾಸ. ಮೇ ತಿಂಗಳಲ್ಲಿ ಒಂದಿನ ಸಂಜೆ ಅಂಗಡಿಗೆ ಬಂದು, ಲೋ ಇವತ್ತು 42 ವರೆ ಕೆಜಿ ಎತ್ತಿದೆ ಕಣೋ, ಬಾರ್‌ದೇ 20, ಎರಡೂ ಕಡೆ 11 ಕಾಲು 11 ಕಾಲು, ಅಂತ ಲೆಕ್ಕ ಬಿಡಿಸಿ ಹೇಳಿದ್ಲು, ಅವತ್ತು ಅವಳ ಮುಖ ನೋಡಿದ್ದು ನಂಗೆ ಈಗ್ಲೂ ಹಾಗೇ ಇದೆ. ಅಪ್ಪ ಹೋದ್ಮೇಲೆ ಅವಳು ಅಷ್ಟು ಖುಷಿಯಾಗಿದ್ದು ನಾನು ನೋಡಿರ್ಲಿಲ್ಲ.

ಜೂನ್ 14 ಶನಿವಾರ ಸಂಜೆ ಅಮ್ಮಂಗೆ ಕಾಫಿ ಕೊಟ್ಟು ತಲೆ ಸಿಡೀತಿದೆ ಅಂತ ಕೂತೋಳು ಹಾಗೇ ವಾಲ್ಕೊಂಡ್ಲು. ಮೆದುಳಿನ ರಕ್ತನಾಳ ಒಡೆದಿತ್ತು. ಅವತ್ತು ರಾತ್ರಿನೇ ಹೋಗ್ಬಿಟ್ಲು.

ಇಲ್ಲಿ ಒಂದು ಮಾತು ಹೇಳ್ಬಿಡ್ತೀನಿ. ಬಂದ ನೆಂಟ್ರೆಲ್ಲ ಕೇಳಿದ್ದು ಒಂದೇ, ಜಿಮ್‌ಗೆ ಹೋಗಿದ್ದಕ್ಕೇ ಹೀಗಾಯ್ತಾ ಅಂತ. 2021ರ ಅಕ್ಟೋಬರ್ 29ಕ್ಕೆ ಅಪ್ಪು ಹೋದಾಗಿಂದ ನಮ್ಮ ಜನಕ್ಕೆ ಜಿಮ್ ಅಂದ್ರೆ ಭಯ ಕೂತ್ಕೊಂಡಿದೆ, ಜೊತೆಗೆ 2025ರ ಜೂನ್ ಜುಲೈನಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸುದ್ದಿ ದಿನಾ ಪೇಪರಲ್ಲಿ ಬರ್ತಿತ್ತು, ನಮ್ಮ ಮೈಸೂರು ಜಯದೇವದ ಮುಂದೆ ಬೆಳಗಿನ ಜಾವದಿಂದ್ಲೇ ಕ್ಯೂ ನಿಂತಿದ್ದನ್ನ ನಾನೇ ನೋಡಿದೀನಿ. ಡಾಕ್ಟ್ರು ನಮಗೆ ಸ್ಪಷ್ಟವಾಗಿ ಹೇಳಿದ್ರು, ಆ ನಾಳ ಎಷ್ಟೋ ವರ್ಷದಿಂದ ಬಲೂನ್ ಥರ ಊದ್ಕೊಂಡಿತ್ತು, ಜಿಮ್‌ಗೂ ಇದಕ್ಕೂ ಸಂಬಂಧ ಕಟ್ಬೇಡಿ ಅಂತ. ಅದಕ್ಕೇ ಹೇಳ್ತಿದೀನಿ, ನಂದು ಜಿಮ್ ವಿರುದ್ಧದ ಪತ್ರ ಅಲ್ಲ. ಆ ನಾಲ್ಕು ತಿಂಗಳು ನಮ್ಮ ಅಕ್ಕಂಗೆ ಅಲ್ಲಿ ಸಿಕ್ಕಿದ್ದು ಚಿನ್ನದಂಥದ್ದು. ನಾನು ಹೇಳ್ತಿರೋದು ಅವಳು ಹೋದ್ಮೇಲೆ ಏನಾಯ್ತು ಅಂತ.

ವೈಕುಂಠ ಸಮಾರಾಧನೆ ಎಲ್ಲ ಮುಗೀತು. ಅಕ್ಕನ ಫೋನ್ ಅಮ್ಮನ ಹತ್ರಾನೇ ಇತ್ತು, ಅಮ್ಮ ದಿನಾ ಅದನ್ನ ಚಾರ್ಜಿಗೆ ಹಾಕ್ತಿದ್ರು, ಯಾಕೆ ಅಂದ್ರೆ ಬೆಳಗ್ಗೆ 5:10ಕ್ಕೆ ಅಲಾರಂ ಹೊಡೀಲಿ ಅಂತ. ಅದು ನಿಂತೋದ್ರೆ ಮನೆ ಪೂರ್ತಿ ಖಾಲಿ ಆಗುತ್ತೆ ಅಂತಿದ್ರು, ನಾವು ಯಾರೂ ಬೇಡ ಅನ್ನಲಿಲ್ಲ. ಜುಲೈ 4ನೇ ತಾರೀಖು ಫೋನಿಗೆ ಮೆಸೇಜ್ ಬಂತು. ಅಮ್ಮಂಗೆ ಇಂಗ್ಲಿಷ್ ಬರಲ್ಲ, ನನ್ನ ಮಗಳ ಕೈಲಿ ಕೊಟ್ಟು ಏನದು ಓದು ಅಂದ್ರು. ನೀವು 20 ದಿನದಿಂದ ಬಂದಿಲ್ಲ, ನಿಮ್ಮನ್ನ ತುಂಬಾ ಮಿಸ್ ಮಾಡ್ಕೋತಿದೀವಿ, ನಾಳೆ ಬೆಳಗ್ಗೆ ಕಾಯ್ತಿರ್ತೀವಿ, ಅಂತ ಅದ್ರಲ್ಲಿತ್ತು. ಮಗಳು ಪಿಯುಸಿ ಹುಡುಗಿ, ಓದ್ತಾ ಓದ್ತಾ ನಿಲ್ಲಿಸ್ಬಿಟ್ಲು, ಅಜ್ಜಿ ಮುಖ ನೋಡಿ, ಏನಿಲ್ಲ ಅಜ್ಜಿ ಆಫರ್ ಮೆಸೇಜು ಅಂದ್ಲು.

ಅದ್ರ ಕೆಳಗೇ ಇನ್ನೊಂದು ಮೆಸೇಜ್ ಇತ್ತು, ನಾಳೆ 3,500 ಕಟ್ ಆಗುತ್ತೆ ಅಂತ. ಆಟೋಪೇ ಇದ್ರೆ ದುಡ್ಡು ಕಟ್ ಆಗೋಕೆ 24 ಗಂಟೆ ಮುಂಚೆ ತಿಳಿಸ್ಲೇಬೇಕು ಅಂತ ರಿಸರ್ವ್ ಬ್ಯಾಂಕ್ ರೂಲ್ ಇದೆ, ಅದ್ರ ಪ್ರಕಾರ ಬಂದಿದ್ದು. ಆದ್ರೆ ತಿಳಿಸಿದ್ದು ಯಾರಿಗೆ? 15,000 ರೂಪಾಯಿವರೆಗೆ ಪ್ರತಿ ಸಲ ಪಿನ್ ಕೂಡ ಕೇಳಲ್ಲ. ಬದುಕಿರೋರಿಗೆ ಅನುಕೂಲ ಆಗ್ಲಿ ಅಂತ ಮಾಡಿದ ವ್ಯವಸ್ಥೆ, ಒಪ್ತೀನಿ, ಆದ್ರೆ ಆ ಮೆಸೇಜ್ ಓದ್ಬೇಕಾದೋರೇ ಇಲ್ದಿದ್ದಾಗ ಅದು ಹಾಗೇ ಓಡ್ತಾನೇ ಇರುತ್ತೆ. ಜುಲೈ 5, ಆಗಸ್ಟ್ 5, ಸೆಪ್ಟೆಂಬರ್ 5, ಮೂರು ಸಲ ಹೋಯ್ತು, 10,500.

ನಾನು ಜಿಮ್‌ಗೆ ಮೊದಲು ಹೋಗಿದ್ದು ಜುಲೈ 16ಕ್ಕೆ. ಕೌಂಟರಲ್ಲಿ ಒಂದು ಹುಡುಗಿ ಇದ್ಲು, ಪಾಪ ಒಳ್ಳೇ ಹುಡುಗಿನೇ. ನಮ್ಮಕ್ಕ ತೀರ್ಕೊಂಡ್ರು, ಮೆಂಬರ್‌ಶಿಪ್ ಕ್ಯಾನ್ಸಲ್ ಮಾಡ್ಬೇಕು ಅಂದೆ. ಸಾರಿ ಸರ್ ಅಂದು ಕಂಪ್ಯೂಟರಲ್ಲಿ ಹುಡುಕಿದ್ಲು, ಆಮೇಲೆ, ಸರ್ ಮೆಂಬರೇ ಬಂದು ಸೈನ್ ಮಾಡ್ಬೇಕು ಅಂದ್ಲು. ಅಂದ್ಮೇಲೆ ಅವಳಿಗೇ ಗೊತ್ತಾಗಿ ತಲೆ ತಗ್ಗಿಸಿದ್ಲು. ಮ್ಯಾನೇಜರ್ ಬಂದ್ರು. ಕ್ಯಾನ್ಸಲೇಶನ್‌ಗೆ ಆಪ್ ಒಳಗೇ ರಿಕ್ವೆಸ್ಟ್ ಹಾಕ್ಬೇಕು, ರಿಜಿಸ್ಟರ್ ಆದ ನಂಬರಿಗೆ ಓಟಿಪಿ ಬರುತ್ತೆ, ಕಾರಣ ಸೆಲೆಕ್ಟ್ ಮಾಡ್ಬೇಕು ಅಂತ ತಮ್ಮ ಸ್ಕ್ರೀನ್ ತಿರುಗಿಸಿ ತೋರಿಸಿದ್ರು. ಅಲ್ಲಿದ್ದ ಕಾರಣ ನಾಲ್ಕು: ಬೇರೆ ಊರಿಗೆ ಹೋಗ್ತಿದೀನಿ, ಆರೋಗ್ಯ ಸಮಸ್ಯೆ, ಸರ್ವೀಸ್ ಇಷ್ಟ ಆಗ್ಲಿಲ್ಲ, ಇತರೆ. ತೀರ್ಕೊಂಡಿದ್ದಾರೆ ಅನ್ನೋದು ಇಲ್ವಾ ಅಂದೆ. ಸಿಸ್ಟಮ್‌ನಲ್ಲಿ ಆ ಆಪ್ಶನ್ ಇಲ್ಲ ಸರ್, ಇತರೆ ಅಂತ ಹಾಕ್ಬಿಡಿ ಅಂದ್ರು.

ಹಾಕಿದ್ರೂ ಆಗ್ಲಿಲ್ಲ, ರಿಜಿಸ್ಟರ್ ನಂಬರಿಂದ ನಿಮ್ಮ ಟ್ರೈನರ್‌ಗೆ ಕಾಲ್ ಮಾಡಿ, ಅವ್ರು ಕನ್ಫರ್ಮ್ ಮಾಡಿದ್ರೆ ಮುಂದಕ್ಕೆ ಹೋಗುತ್ತೆ ಅಂದ್ರು. ಮನೆಗೆ ಬಂದು ಅಕ್ಕನ ಫೋನಿಂದ್ಲೇ ಮಾಡಿದೆ. ನಾನು ಮಾಡಿದ ತಪ್ಪು ಅದು, ಮಾಡೋಕೆ ಮುಂಚೆ ಒಂದು ಕ್ಷಣ ಯೋಚಿಸ್ಬೇಕಿತ್ತು, ಆ ಹುಡುಗನ ಫೋನಲ್ಲಿ ಅಕ್ಕನ ಹೆಸ್ರು ಬರುತ್ತೆ ಅಂತ. ಒಂದೇ ರಿಂಗಿಗೆ ಎತ್ತಿದ. "ಮೇಡಂ! ಎಲ್ಲಿ ಹೋಗ್ಬಿಟ್ರಿ ಮೇಡಂ, ಎರಡು ಸಲ ಮಾಡಿದ್ದೆ ನೀವು ತೆಗೀಲೇ ಇಲ್ಲ, 45 ಕೆಜಿ ಬಾಕಿ ಇದೆ ಮೇಡಂ ನಿಮ್ದು" ಅಂದ. ನಂಗೆ ಬಾಯಿ ಬರ್ಲಿಲ್ಲ. ಆಮೇಲೆ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಿಸ್ಲಿಲ್ಲ, ಬರೀ ಜಿಮ್‌ನ ಹಾಡು ಕೇಳಿಸ್ತಿತ್ತು, ಆಮೇಲೆ ಅವ್ನು ಅಳ್ತಿರೋದು ಕೇಳಿಸ್ತು. ನಂಜನಗೂಡು ಕಡೆ ಹುಡುಗ, 24 ವರ್ಷ. ಅವತ್ತೇ ಸಂಜೆ ಮನೆಗೆ ಬಂದ, ಅಕ್ಕನ ಲಾಕರಲ್ಲಿದ್ದ ಶೂ, ಟವೆಲ್ಲು, ಸ್ಟೀಲ್ ಬಾಟ್ಲಿ ಎಲ್ಲ ಒಂದು ಬಟ್ಟೆ ಚೀಲದಲ್ಲಿ ಹಾಕ್ಕೊಂಡು ಬಂದು ಅಮ್ಮನ ಕಾಲಿಗೆ ನಮಸ್ಕಾರ ಮಾಡಿ ಕೊಟ್ಟು ಹೋದ. ಆ ಜುಲೈ 5ರ ದುಡ್ಡಲ್ಲಿ ಅವ್ನ ಪಾಲು ಎಷ್ಟಿದ್ಯೋ ಗೊತ್ತಿಲ್ಲ, ವಾಪಸ್ ಕೊಡ್ತೀನಿ ಅಂತ ಜೇಬಿಗೆ ಕೈ ಹಾಕಿದ, ಅಮ್ಮ ಬೇಡ ಅಂದ್ರು. ಅಂಥ ಹುಡುಗ ಅಲ್ಲಿ ಕೆಲಸ ಮಾಡ್ತಿದಾನೆ. ನನ್ನ ಸಿಟ್ಟು ಅವ್ನ ಮೇಲಲ್ಲ, ಆ ಕೌಂಟರ್ ಹುಡುಗಿ ಮೇಲೂ ಅಲ್ಲ.

ಆಮೇಲೆ ಶುರುವಾಯ್ತು ಕಾಗದದ ಓಡಾಟ. ಡೆತ್ ಸರ್ಟಿಫಿಕೇಟ್ ಕಾಪಿ ಕೊಟ್ಟೆ, ಒರಿಜಿನಲ್ ತನ್ನಿ ಅಂದ್ರು. ಸಾವು ಆದ 21 ದಿನದೊಳಗೆ ನೋಂದಣಿ ಆಗ್ಬೇಕು, ಅಕ್ಕಂದು ಆಸ್ಪತ್ರೆಯಿಂದ್ಲೇ ಆಗಿತ್ತು, ಈಗ ಇ-ಜನ್ಮದಲ್ಲಿ (ಜನನ ಮರಣ ನೋಂದಣಿಯ ಸರ್ಕಾರಿ ವೆಬ್‌ಸೈಟು) ಬರೋ ಸರ್ಟಿಫಿಕೇಟಲ್ಲಿ ಕ್ಯೂಆರ್ ಕೋಡ್ ಇರುತ್ತೆ, ಸ್ಕ್ಯಾನ್ ಮಾಡಿ ನೋಡ್ಬೋದು ಅಂತ ಜೆರಾಕ್ಸ್ ಅಂಗಡಿಯೋನು ನಾನೇ ಅವ್ರಿಗೆ ಹೇಳ್ಕೊಟ್ಟೆ. ಆಮೇಲೆ ಹೆಸ್ರು ಮ್ಯಾಚ್ ಆಗ್ತಿಲ್ಲ ಅಂದ್ರು, ಜಿಮ್ ಬಿಲ್ಲಲ್ಲಿ ಬರೀ ಇನಿಷಿಯಲ್ ಇತ್ತು, ಸರ್ಟಿಫಿಕೇಟಲ್ಲಿ ಅಪ್ಪನ ಹೆಸ್ರು ಪೂರ್ತಿ ಇತ್ತು. ಅದಕ್ಕೆ ಆಧಾರ್ ಕೊಟ್ಟೆ. ಆಮೇಲೆ ನೀವು ಯಾರು ಅಂದ್ರು. ತಮ್ಮ ಅಂದೆ. ತಮ್ಮ ಲೀಗಲ್ ಹೇರ್ ಆಗಲ್ಲ ಅಂದ್ರು. ಅದು ನಿಜಾನೇ, ಮದ್ವೆ ಆಗದ ಹೆಣ್ಮಗಳು ವಿಲ್ ಬರೀದೇ ಹೋದ್ರೆ ನಮ್ಮ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ತಂದೆ ತಾಯಿಗೆ ಬರುತ್ತೆ, ಅಪ್ಪ ಇಲ್ಲ, ಅಮ್ಮ ಒಬ್ರೇ ವಾರಸುದಾರ್ರು. ಹಾಗಾದ್ರೆ ಅಮ್ಮನ್ನ ಕರ್ಕೊಂಡು ಬನ್ನಿ, ಸೈನ್ ಮಾಡ್ಬೇಕು ಅಂದ್ರು. ಅಮ್ಮಂಗೆ 78. ಆ ಜಿಮ್ ಎರಡನೇ ಮಹಡಿ, ಲಿಫ್ಟ್ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಮಗಳು ದಿನಾ ಹೋಗಿ ಬರ್ತಿದ್ದ ಜಾಗಕ್ಕೆ ಆ ತಾಯಿನ ಕರ್ಕೊಂಡು ಹೋಗಿ ಕ್ಯಾನ್ಸಲ್ ಫಾರ್ಮಿಗೆ ಸೈನ್ ಹಾಕಿಸ್ಲಾ ನಾನು? ಮನೆಗೇ ಫಾರ್ಮ್ ಕೊಡಿ ಅಂದೆ, ವಿಡಿಯೋ ಕಾಲ್ ಮಾಡ್ತೀನಿ ಅಂದೆ, ಪಾಲಿಸಿಯಲ್ಲಿ ಇಲ್ಲ ಅಂದ್ರು, ಜೊತೆಗೆ ವಂಶವೃಕ್ಷನೂ ಬೇಕು ಅಂದ್ರು. ಜಮೀನು, ಪೆನ್ಶನ್ ವಿಷಯಕ್ಕೆ ವಂಶವೃಕ್ಷ ಕೇಳೋದು ನಂಗೆ ಅರ್ಥ ಆಗುತ್ತೆ, ನಾಡಕಚೇರಿಯಿಂದ ಅದನ್ನ ತೆಗ್ಸೋಕೆ ಜನ ಎಷ್ಟು ಅಲೀತಾರೆ ಅಂತಾನೂ ನಂಗೊತ್ತು. ಒಂದು ಜಿಮ್ ಮೆಂಬರ್‌ಶಿಪ್ ನಿಲ್ಸೋಕೆ ವಂಶವೃಕ್ಷನಾ?

ಕೊನೆಗೆ ಮ್ಯಾನೇಜರ್ ಒಂದು ದಾರಿ ಹೇಳಿದ್ರು, ಟ್ರಾನ್ಸ್‌ಫರ್ ಮಾಡ್ಕೊಳಿ ಸರ್, 2,000 ಪ್ಲಸ್ ಜಿಎಸ್‌ಟಿ ಕಟ್ಟಿದ್ರೆ ಉಳಿದ ತಿಂಗಳು ನೀವೇ ಬರ್ಬೋದು ಅಂತ. ಅವ್ರು ಕೆಟ್ಟ ಮನಸ್ಸಿಂದ ಹೇಳಿದ್ದಲ್ಲ, ಅವ್ರಿಗೆ ಕೊಟ್ಟಿರೋ ರೂಲ್ ಬುಕ್ಕಲ್ಲಿ ಇರೋದೇ ಅಷ್ಟು. ಮನೆಗೆ ಬಂದು ಅಮ್ಮಂಗೆ ಹೇಳಿದೆ, ಬಿಟ್ಬಿಡೋಣ ಅಮ್ಮ, ಸಾಕು ಅಂತ. ಅಮ್ಮ, ಅದು ಅವಳು ಸೀಮೆಸುಣ್ಣದ ಧೂಳು ಕುಡಿದು ದುಡಿದ ದುಡ್ಡು, ಯಾಕೆ ಬಿಡ್ಬೇಕು ಅಂದ್ರು. ಅಲ್ಲಿಂದ ನಾನೂ ಬಿಡ್ಲಿಲ್ಲ.

ನಮ್ಮ ಅಂಗಡಿಗೆ ವಕಾಲತ್ತು ಜೆರಾಕ್ಸ್‌ಗೆ ಬರೋ ಒಬ್ರು ಹಿರಿಯ ವಕೀಲ್ರು ಕೂತ್ಕೊಂಡು ನಂಗೆ ಎಲ್ಲ ಬಿಡಿಸಿ ಹೇಳಿದ್ರು. 1872ರ ಕರಾರು ಕಾಯ್ದೆ ಈಗ್ಲೂ ನಮ್ಮಲ್ಲಿ ಜಾರಿಯಲ್ಲಿದೆ. ಅದ್ರ 37ನೇ ಕಲಂನಲ್ಲಿ ಒಂದು ಉದಾಹರಣೆ ಇದೆಯಂತೆ: ಒಬ್ಬ ಇಂಥ ದಿನಕ್ಕೆ ಒಂದು ಚಿತ್ರ ಬರೆದು ಕೊಡ್ತೀನಿ ಅಂತ ಒಪ್ಕೊಂಡು ಆ ದಿನ ಬರೋಕೆ ಮುಂಚೆ ತೀರ್ಕೊಂಡ್ರೆ, ಆ ಕರಾರನ್ನ ಅವ್ನ ಮನೆಯೋರೂ ಜಾರಿ ಮಾಡ್ಸೋಕಾಗಲ್ಲ, ಆ ಕಡೆಯೋರೂ ಮಾಡ್ಸೋಕಾಗಲ್ಲ. ಯಾಕಂದ್ರೆ ಅದು ಆ ಮನುಷ್ಯನ ಕೈಯಿಂದ್ಲೇ ಆಗ್ಬೇಕಾದ ಕೆಲಸ. 150 ವರ್ಷದ ಹಿಂದೆನೇ ಇಷ್ಟು ತಿಳ್ಕೊಂಡು ಬರೆದಿದ್ದಾರೆ. ವಕೀಲ್ರು ಅಂದ್ರು, ವ್ಯಾಯಾಮನೂ ಹಾಗೇ ಅಲ್ವೇನಪ್ಪ, ನಿಮ್ಮಕ್ಕನ ಬದಲು ಇನ್ನೊಬ್ರು ಎತ್ತಿದ್ರೆ ನಿಮ್ಮಕ್ಕನ ಮೂಳೆ ಗಟ್ಟಿ ಆಗುತ್ತಾ? 56ನೇ ಕಲಂ ಪ್ರಕಾರ ಒಪ್ಪಂದ ಆದ್ಮೇಲೆ ಅದನ್ನ ನಡೆಸೋದು ಅಸಾಧ್ಯ ಆದ್ರೆ ಆ ಒಪ್ಪಂದನೇ ಶೂನ್ಯ, 65ನೇ ಕಲಂ ಪ್ರಕಾರ ಹಾಗೆ ಶೂನ್ಯ ಆದ ಒಪ್ಪಂದದಿಂದ ಲಾಭ ತಗೊಂಡೋರು ಅದನ್ನ ವಾಪಸ್ ಕೊಡ್ಬೇಕು. ಇದನ್ನೇ ಹಿಡ್ಕೊಂಡು ವಾದ ಮಾಡ್ಬೋದು ಅಂದ್ರು. ಬಿಲ್ ಹಿಂದೆ ಸಣ್ಣ ಅಕ್ಷರದಲ್ಲಿ ಯಾವುದೇ ಕಾರಣಕ್ಕೂ ಹಣ ವಾಪಸ್ ಇಲ್ಲ ಅಂತ ಹಾಕಿದ್ದಾರಲ್ಲ ಸರ್ ಅಂದೆ. ಹಾಕಿದ ಮಾತ್ರಕ್ಕೆ ಎಲ್ಲಾನೂ ನಿಲ್ಲಲ್ಲ ಅಂದ್ರು.

ಇನ್ನೊಂದು ವಿಷಯ ನಂಗೆ ಗೊತ್ತೇ ಇರ್ಲಿಲ್ಲ, ಓದುಗರಿಗೂ ಗೊತ್ತಿರ್ಲಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದೂರು ಕೊಡೋಕೆ ಯಾರಿಗೆ ಹಕ್ಕಿದೆ ಅಂತ ಹೇಳೋ ಕಡೆ, ಗ್ರಾಹಕ ತೀರ್ಕೊಂಡಿದ್ರೆ ಅವ್ರ ವಾರಸುದಾರ್ರು ಅಥವಾ ಕಾನೂನು ಪ್ರತಿನಿಧಿ ಅಂತ ಸ್ಪಷ್ಟವಾಗಿ ಬರೆದಿದೆ. ಅಂದ್ರೆ ಅಮ್ಮ ದೂರು ಕೊಡ್ಬೋದು. 5 ಲಕ್ಷದವರೆಗಿನ ದೂರಿಗೆ ಜಿಲ್ಲಾ ಆಯೋಗದಲ್ಲಿ ಫೀಸೇ ಇಲ್ಲ. ಅದಕ್ಕೆ ಮುಂಚೆ 1915 ನಂಬರಿಗೆ ಫೋನ್ ಮಾಡ್ಬೋದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ. ನಾನು ಸೆಪ್ಟೆಂಬರಲ್ಲಿ ಮಾಡಿದೆ. ಕಂಪ್ಲೇಂಟ್ ತಗೊಂಡ್ರು, ಮೂರು ವಾರದಲ್ಲಿ ಜಿಮ್‌ನೋರಿಂದ ಆ ಮೂರು ತಿಂಗಳ 10,500 ವಾಪಸ್ ಬಂತು. ಬಂದಿದ್ದಕ್ಕೆ ಥ್ಯಾಂಕ್ಸ್ ಹೇಳ್ತೀನಿ. ವಾರ್ಷಿಕ ಫೀಸಿನ ಬಾಕಿ ಮಾತ್ರ ಇಲ್ಲ ಅಂದ್ರು. ಲೆಕ್ಕ ನಾನು ಮಾಡಿದೀನಿ, ಅಕ್ಕ ಇದ್ದಿದ್ರೆ ಇನ್ನೂ ನೀಟಾಗಿ ಮಾಡ್ತಿದ್ಲು: 365 ದಿನದಲ್ಲಿ ಅವಳು ಇದ್ದಿದ್ದು 132 ದಿನ, ಉಳಿದಿದ್ದು 233. 17,700ರಲ್ಲಿ ಅದ್ರ ಪಾಲು 11,300 ಹತ್ರ ಆಗುತ್ತೆ.

ನಮ್ಮ ಚಿಕ್ಕಪ್ಪನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಇದನ್ನೆಲ್ಲ ಹೇಳ್ಕೊಂಡಾಗ ಅವ್ನು ಅಂದ, ಇಲ್ಲಿ ಅದಕ್ಕೆ ಕಾನೂನೇ ಇದೆ ಕಣಣ್ಣ, ಮೆಂಬರ್ ತೀರ್ಕೊಂಡ್ರೆ ಅಥವಾ ಅಂಗವಿಕಲ ಆದ್ರೆ ಮುಂದಿನ ಕಂತು ಕಟ್ಟೋ ಹಾಗಿಲ್ಲ, ಮುಂಗಡ ಕಟ್ಟಿದ್ರಲ್ಲಿ ಉಪಯೋಗಿಸದೇ ಇರೋದನ್ನ ವಾಪಸ್ ಕೊಡ್ಬೇಕು, ಇದನ್ನ ಜಿಮ್ ಕಾಂಟ್ರಾಕ್ಟಲ್ಲೇ ಬರೀಬೇಕು ಅಂತ. ನ್ಯೂಯಾರ್ಕಲ್ಲೂ ಹಾಗೇ ಇದೆ. ದೊಡ್ಡ ವಿಷಯ ಏನಲ್ಲ ಸಂಪಾದಕರೇ, ಎರಡು ಸಾಲು.

ಆ ಎರಡು ಸಾಲು ನಮ್ಮಲ್ಲಿ ಯಾಕಿಲ್ಲ ಅನ್ನೋದೇ ನನ್ನ ಪ್ರಶ್ನೆ. ಊರೂರಲ್ಲಿ ಜಿಮ್ ಆಗಿದೆ, ಮೈಸೂರು ಬಿಡಿ, ಹುಣಸೂರು, ಕೆ.ಆರ್. ನಗರದಲ್ಲೂ ಇದೆ, ಎಲ್ಲಾ ಕಡೆ ವರ್ಷದ ದುಡ್ಡು ಮುಂಚೆನೇ ಇಸ್ಕೋತಾರೆ. ಟ್ರೇಡ್ ಲೈಸೆನ್ಸ್ ಕೊಡೋ ಪಾಲಿಕೆ, ಪುರಸಭೆಗಳೇ ಒಂದು ಷರತ್ತು ಹಾಕ್ಲಿ: ಸದಸ್ಯರು ತೀರಿಕೊಂಡರೆ ಅವತ್ತಿಗೇ ಸದಸ್ಯತ್ವ ಮುಗೀತು, ಮನೆಯೋರು ಯಾರಾದ್ರೂ ಒಬ್ರು ಡೆತ್ ಸರ್ಟಿಫಿಕೇಟ್ ಕಾಪಿ ಫೋನಲ್ಲಿ ಕಳಿಸಿದ್ರೆ ಸಾಕು, ಯಾರೂ ಖುದ್ದಾಗಿ ಬರೋದು ಬೇಡ, ಉಳಿದ ದಿನದ ದುಡ್ಡು ಕಟ್ಟಿದ ಅಕೌಂಟಿಗೇ ಅಥವಾ ವಾರಸುದಾರ್ರಿಗೆ 15 ದಿನದಲ್ಲಿ ವಾಪಸ್. 15 ದಿನ ಅಂತ ಯಾಕೆ ಹೇಳ್ತೀನಿ ಅಂದ್ರೆ, ತೀರ್ಕೊಂಡ ಗ್ರಾಹಕರ ಅಕೌಂಟಿನ ದುಡ್ಡು ಎಲ್ಲ ದಾಖಲೆ ಕೊಟ್ಟ 15 ದಿನದೊಳಗೆ ಮನೆಯೋರಿಗೆ ಕೊಡ್ಬೇಕು ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ, 2025ರ ಸೆಪ್ಟೆಂಬರಲ್ಲಿ ಹೊಸದಾಗಿ ಆದೇಶ ಕೂಡ ಹೊರಡಿಸಿದೆ, ಲೇಟ್ ಮಾಡಿದ್ರೆ ಬಡ್ಡಿ ಸೇರ್ಸಿ ಕೊಡ್ಬೇಕು ಅಂತ. ಲಕ್ಷಗಟ್ಲೆ ದುಡ್ಡು ಬ್ಯಾಂಕ್ 15 ದಿನದಲ್ಲಿ ಕೊಡ್ಬೋದು ಅಂದ್ರೆ 11 ಸಾವಿರ ಜಿಮ್ ಕೊಡ್ಬೋದು.

ಜಿಮ್ ನಡೆಸೋರ ಕಷ್ಟನೂ ನಂಗೆ ಗೊತ್ತು. ಬಾಡಿಗೆ, ಕರೆಂಟ್ ಬಿಲ್ಲು, ಮೆಷಿನ್ ಲೋನು, ಕೊರೋನಾದಲ್ಲಿ ತಿಂಗಳುಗಟ್ಲೆ ಬಾಗಿಲು ಹಾಕಿದ್ರು. ಬಿಟ್ಟು ಹೋದೋರಿಗೆಲ್ಲ ದುಡ್ಡು ವಾಪಸ್ ಕೊಡಿ ಅಂತ ನಾನು ಹೇಳ್ತಿಲ್ಲ, ಸೋಮಾರಿತನಕ್ಕೆ ಬಿಟ್ಟೋರು ಅವ್ರ ನಷ್ಟ ಅವ್ರೇ ಅನುಭವಿಸ್ಲಿ. ಸತ್ತೋರು ಎಷ್ಟು ಜನ ಇರ್ತಾರೆ ಒಂದು ಜಿಮ್‌ನಲ್ಲಿ, ವರ್ಷಕ್ಕೆ ಒಬ್ರೋ ಇಬ್ರೋ. ಅವ್ರ ಮನೆಗೆ ದುಡ್ಡು ಕಳಿಸಿದ್ರೆ ಯಾವ ಜಿಮ್ಮೂ ಮುಳುಗಲ್ಲ. ಮತ್ತೆ ಆ ಆಟೋಮ್ಯಾಟಿಕ್ ಮೆಸೇಜ್ ಕಳಿಸೋದಕ್ಕೆ ಮುಂಚೆ, 20 ದಿನ ಬರ್ದೇ ಇರೋರ ಮನೆಗೆ ಒಬ್ಬ ಮನುಷ್ಯ ಫೋನ್ ಮಾಡಿ ಚೆನ್ನಾಗಿದ್ದೀರಾ ಅಂತ ಕೇಳ್ಲಿ. ಎತ್ತದೇ ಇದ್ರೆ ಎಮರ್ಜೆನ್ಸಿ ಕಾಂಟ್ಯಾಕ್ಟ್ ಅಂತ ಫಾರ್ಮಲ್ಲಿ ಬರ್ಸ್ಕೊಂಡಿರ್ತಾರಲ್ಲ, ಅಕ್ಕ ಅಲ್ಲಿ ನನ್ನ ನಂಬರೇ ಕೊಟ್ಟಿದ್ಲು, ಒಂದು ಸಲನೂ ನಂಗೆ ಫೋನ್ ಬರ್ಲಿಲ್ಲ.

ಮನೆಯೋರಿಗೂ ಒಂದೆರಡು ಮಾತು, ನಾನು ಮಾಡಿದ ತಪ್ಪು ನೀವು ಮಾಡ್ಬೇಡಿ. ಬ್ಯಾಂಕಿಗೆ ಮೊದಲು ತಿಳ್ಸಿ. ನಾನು ಜಿಮ್‌ನೋರೇ ನಿಲ್ಲಿಸ್ತಾರೆ ಅಂತ ನಂಬ್ಕೊಂಡು, ಅಮ್ಮಂಗೆ ನಾಮಿನಿ ಫಾರ್ಮಿಗೆ ಸೈನ್ ಹಾಕು ಅನ್ನೋಕೆ ಬಾಯಿ ಬರ್ದೇ, ಬ್ಯಾಂಕಿಗೆ ಹೋಗಿದ್ದೇ ಸೆಪ್ಟೆಂಬರ್ 9ಕ್ಕೆ. ತೀರ್ಕೊಂಡಿದ್ದಾರೆ ಅಂತ ಬರೆದು ಕೊಟ್ಟ ದಿನವೇ ಆಟೋಪೇ ನಿಂತೋಯ್ತು, ಎರಡು ತಿಂಗಳು ನಾನು ಸುಮ್ನೆ ಬೇರೆ ಬಾಗಿಲು ತಟ್ತಿದ್ದೆ. ಸತ್ತೋರ ಪಿನ್ ನಮಗೆ ಗೊತ್ತಿದ್ರೂ ಅವ್ರ ಆಪ್ ಒಳಗೆ ಹೋಗಿ ನಾವೇ ಏನೇನೋ ಒತ್ತೋದು ಬೇಡ, ನಾಳೆ ಅದು ಬೇರೆ ತಕರಾರಿಗೆ ದಾರಿ ಆಗುತ್ತೆ. ಸಿಮ್ ಮಾತ್ರ ಬೇಗ ಕಟ್ ಮಾಡ್ಸ್ಬೇಡಿ, ಸಣ್ಣ ರೀಚಾರ್ಜ್ ಹಾಕಿ ಒಂದಷ್ಟು ತಿಂಗಳು ಇಟ್ಕೊಳಿ, ಎಲ್ಲಾದಕ್ಕೂ ಆ ನಂಬರಿಗೇ ಮೆಸೇಜ್ ಬರೋದು. ಜಿಮ್‌ಗೆ ಬಾಯಲ್ಲಿ ಹೇಳಿ ಬರ್ಬೇಡಿ, ಈಮೇಲ್ ಅಥವಾ ವಾಟ್ಸಾಪಲ್ಲಿ ಬರೆದು ಕಳ್ಸಿ, ತಾರೀಖು ಉಳಿಯುತ್ತೆ. ನಾನು ಮೊದಲನೇ ಸಲ ಹೋಗಿದ್ದಕ್ಕೆ ನನ್ನ ಹತ್ರ ಯಾವ ದಾಖಲೆನೂ ಇರ್ಲಿಲ್ಲ, ದಿನಾ ಬೇರೆಯೋರಿಗೆ ಅಕ್ನಾಲೆಜ್‌ಮೆಂಟ್ ಇಸ್ಕೊಳಿ ಅಂತ ಹೇಳೋನು ನಾನು.

ಈಗ ಅಂಗಡಿಗೆ ಯಾರಾದ್ರೂ ಡೆತ್ ಸರ್ಟಿಫಿಕೇಟ್ ತಂದ್ರೆ ಕಾಪಿ ಕೊಡೋವಾಗ ಕೇಳ್ತೀನಿ, ಅವ್ರ ಫೋನಲ್ಲಿ ತಿಂಗಳು ತಿಂಗಳು ಕಟ್ ಆಗೋದು ಏನಾದ್ರೂ ಇತ್ತಾ ಅಂತ. ಹೋದ ವಾರ ಮಂಡ್ಯ ಕಡೆಯ ಒಬ್ಬ ತಂದೆ ಬಂದಿದ್ರು, ಮಗ ಬೈಕ್ ಆಕ್ಸಿಡೆಂಟಲ್ಲಿ ಹೋಗಿದ್ದ, 26 ವರ್ಷ. ಕೇಳಿದೆ. ಜಿಮ್‌ಗೆ ಹೋಗ್ತಿದ್ದ ಅಂದ್ರು, ಆಮೇಲೆ ಫೋನ್ ತೆಗೆದು ಮಗನ ಫೋಟೋ ತೋರಿಸಿದ್ರು, ಕನ್ನಡಿ ಮುಂದೆ ತೋಳು ಮಡಚಿ ನಿಂತಿರೋದು. ಅಂಗಡೀಲಿ ಜನ ಇದ್ರು, ಆದ್ರೂ ಸ್ಟೂಲ್ ಹಾಕಿ ಕೂರ್ಸ್ಕೊಂಡು ಬ್ಯಾಂಕಿಗೆ ಒಂದು, ಜಿಮ್‌ಗೆ ಒಂದು ಅರ್ಜಿ ಟೈಪ್ ಮಾಡಿ ಕೊಟ್ಟೆ.

ನಮ್ಮದು ಇನ್ನೂ ಮುಗಿದಿಲ್ಲ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಅಮ್ಮನ ಹೆಸರಲ್ಲಿ ದೂರು ರೆಡಿ ಇದೆ, ಅಮ್ಮ ಮನೇಲೇ ಕೂತು ಸೈನ್ ಹಾಕಿದ್ರು. ಆ 11,300 ಬಂದ್ರೆ ಅಕ್ಕನ ಸ್ಕೂಲಿನ ಮಕ್ಕಳಿಗೆ ಜಾಮಿಟ್ರಿ ಬಾಕ್ಸ್ ಕೊಡ್ಸ್ಬೇಕು ಅಂತ ಅಮ್ಮನ ಆಸೆ. ಆದ್ರೆ ನನ್ನ ಮನಸ್ಸಲ್ಲಿರೋದು ದುಡ್ಡಿಗಿಂತ ಬೇರೆ. ಫೆಬ್ರವರಿ 2ಕ್ಕೆ ಅಕ್ಕನ ಮೆಂಬರ್‌ಶಿಪ್ ಅವಧಿ ತಾನಾಗೇ ಮುಗಿಯುತ್ತೆ. ಅವತ್ತು ಆ ಕಂಪ್ಯೂಟರಲ್ಲಿ ಅವಳ ಹೆಸ್ರ ಮುಂದೆ ರಿನ್ಯೂ ಮಾಡಿಲ್ಲ ಅಂತ ಬರುತ್ತೆ, ಜೂನ್ 14ರಿಂದ ಗೈರುಹಾಜರು ಅಂತ ಇರುತ್ತೆ. ಸ್ಕೂಲಲ್ಲಿ ಒಂದು ಮಗು ತೀರ್ಕೊಂಡ್ರೆ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಹಾಕ್ತಾ ಹೋಗಲ್ಲ, ಹೆಸರಿನ ಮುಂದೆ ಕೆಂಪು ಇಂಕಲ್ಲಿ ತಾರೀಖು ಹಾಕಿ ಏನಾಯ್ತು ಅಂತ ಬರೆದು ಗೆರೆ ಎಳೀತೀವಿ ಅಂತ ಅಕ್ಕ ಒಂದ್ಸಲ ಹೇಳಿದ್ಲು, ಅವಳ ಸರ್ವೀಸಲ್ಲಿ ಎರಡು ಸಲ ಹಾಗೆ ಬರೆದಿದ್ಲಂತೆ, ಎರಡೂ ಸಲ ಕೈ ನಡುಗಿತ್ತಂತೆ. ಆ ಜಿಮ್‌ನೋರು ಈ ಪತ್ರ ಓದಿದ್ರೆ ಅವ್ರಲ್ಲಿ ಕೇಳ್ಕೊಳ್ಳೋದು ಇಷ್ಟೇ, ಆ ನಾಲ್ಕು ಕಾರಣದ ಕೆಳಗೆ ಐದನೇದು ಒಂದು ಸೇರಿಸಿ, ಫೆಬ್ರವರಿ 2ಕ್ಕೆ ಮುಂಚೆ ನಮ್ಮಕ್ಕನ ಹೆಸರಿನ ಮುಂದೆ ಅದನ್ನ ಒತ್ತಿ.

ಇಂತಿ,
ಒಬ್ಬ ಓದುಗ
ನಜರ್‌ಬಾದ್, ಮೈಸೂರು